೧೯೮೩ರ ನರಿ

ಮ್ಯಾಕ್‌ಡಫ್‌ನಲ್ಲಿ ಉಪ್ಪಿಗೆ ಬರವಿಲ್ಲ.
ಬೇಸಿಗೆಯದನ್ನು ಕಡಲು ಕೊಡುತ್ತದೆ,
ಚಳಿಗಾಲದ್ದನ್ನು ನಗರಸಭೆಯ ಲಾರಿ ರಸ್ತೆಗೆ ಸುರಿಯುತ್ತದೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು;
ಅರುವತ್ತು ವರ್ಷ ಕುಡಿದಿದೆ ನಮ್ಮ ಬೆಡ್‌ಫರ್ಡ್ ವ್ಯಾನು.
ಈಗ ಗ್ಯಾರೇಜಿನಲ್ಲಿ ಚಕ್ರ ಕಳಚಿಟ್ಟು
ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿದೆ,
ಹಲ್ಲು ಕೀಳಿಸಿಕೊಳ್ಳಲು ಬಂದ ಮುದುಕನ ಹಾಗೆ
ಬಾಯಿ ತೆರೆದು.

ಅಕ್ಕನ ಮಗಳು ಶೋನಾ ದೋಣಿ ಕಟ್ಟುವಲ್ಲಿ ಬೆಸುಗೆಯವಳು.
ಅವಳೇ ಕಲಿಸಿದಳು, ನನ್ನ ಅರವತ್ತೊಂಬತ್ತರಲ್ಲಿ:
ಮೊದಲು ಸ್ಕ್ರೂಡ್ರೈವರ್ ಹಿಡಿ ಚಿಕ್ಕಮ್ಮ, ಕಣ್ಣನ್ನು ನಂಬಬೇಡ.
ಬಣ್ಣ ಸುಳ್ಳು ಹೇಳುತ್ತೆ, ಚುಚ್ಚಿ ಕೇಳು.
ಟಣ್ ಅಂದರೆ ಕಬ್ಬಿಣ.
ಪುಸ್ ಅಂದರೆ,
ಅದಕ್ಕವಳು ಹೇಳಿದ ಮಾತು ಬರೆಯುವಂಥದ್ದಲ್ಲ.

ಚುಚ್ಚಿದೆ.
ಚಕ್ರದ ಕಮಾನು: ಟಣ್.
ಹಿಂಬಾಗಿಲ ಅಂಚು ಹಳೇ ಹಪ್ಪಳದಂತೆ ಪದರ ಪದರ ಉದುರಿ
ಅಂಗೈ ತುಂಬ ಕೆಂಪು ನುಚ್ಚು.
ಎಡಬಾಗಿಲ ಕೆಳಗಿನ ಪಟ್ಟಿ ಮಾತ್ರ
ಟಣ್ ಅನ್ನಲಿಲ್ಲ, ಪುಸ್ಸೂ ಅನ್ನಲಿಲ್ಲ,
ಗುಟ್ಟು ಗೊತ್ತಿರುವವರು ಸುಮ್ಮನಿರುವ ಹಾಗೆ
ಸುಮ್ಮನಿತ್ತು.

ಉಳಿ ಇಟ್ಟು ಬಡಿದೆ. ಬೂದು ಗಾರೆ ಹೋಳಾಗಿ ಬಿತ್ತು,
ಹಿಂದೆಯೇ ಕಾಗದ,
ನೆನೆದು ಒಣಗಿ ನೆನೆದು ಒಣಗಿ ರೊಟ್ಟಿಯಾದ ಪತ್ರಿಕೆ:
ನವೆಂಬರ್ ೧೯೮೩, ಮೀನಿನ ಧಾರಣೆ,
ಯಾರದೋ ಪಿಯಾನೋ ಮಾರಾಟಕ್ಕಿದೆ,
ಅರ್ಧ ಫುಟ್‌ಬಾಲ್ ಪಂದ್ಯ.
ಕಾಗದದ ಹಿಂದೆ, ಇಡೀ ಕರಾಮತ್ತನ್ನು ಎತ್ತಿಹಿಡಿದು,
ಆರು ಮೂಲೆ ಕಣ್ಣಿನ ತಂತಿಬಲೆ.

ಈ ಬಲೆ ನನಗೆ ಗೊತ್ತು.

ಆ ನವೆಂಬರಿನಲ್ಲೇ ನಮ್ಮ ಕೋಳಿಗೂಡಿಗೆ ಕಿಂಡಿ ಬಿದ್ದದ್ದು.
ಮೂರು ಹೇಂಟೆ ಹೋದವು, ಅದರಲ್ಲೊಂದು
ಕರೆದರೆ ಅಡುಗೆಮನೆಗೇ ಬರುತ್ತಿದ್ದ ಚುಕ್ಕಿ.
ಮಗಳು ರೋನಾ ಎರಡು ದಿನ ಗಂಜಿ ಮುಟ್ಟಲಿಲ್ಲ.
ವಾಟಿ ಮೊಣಕಾಲೂರಿ, ನೆಲ ನೋಡಿ, ಗಂಭೀರವಾಗಿ ಹೇಳಿದ್ದ:
‘ನರಿ. ದೊಡ್ಡದೇ.’
ಮರುವಾರ ವ್ಯಾನು ತಪಾಸಣೆಯಲ್ಲಿ ಪಾಸಾಯಿತು.
‘ಯಾರ್ಡಿನ ಗೆಳೆಯ ಬೆಸುಗೆ ಹಾಕಿಕೊಟ್ಟ,’ ಅಂದ,
‘ಒಂದು ಗ್ಲಾಸು ಬಿಯರಿಗೆ.’

ಆ ಬೆಸುಗೆಯ ಮೇಲೆ ಒಂಬತ್ತು ಬೇಸಿಗೆ
ಮೂರು ಮಕ್ಕಳು, ಒಂದು ನಾಯಿ, ಟೆಂಟು, ಮಡಿಸುವ ಕುರ್ಚಿ,
ಕುರ್ಚಿಯ ಜೊತೆಗೆ ಅತ್ತೆ, ಇಷ್ಟನ್ನೂ ಹೇರಿಕೊಂಡು
ಸ್ಕೈ ದ್ವೀಪದವರೆಗೆ ಹೋಗಿ ಬಂದಿದ್ದೇವೆ.
ಹೊರಗೆ ಥಳುಕು, ಒಳಗೆ ಹುಳುಕು ಅನ್ನುತ್ತಾರೆ.
ಹುಳುಕಿರಲಿ, ಒಳಗಿದ್ದದ್ದು ಫುಟ್‌ಬಾಲು.

ಎರಡು ಮಗ್ ಚಹಾ ಹಿಡಿದು ವಾಟಿ ಬಾಗಿಲಿಗೆ ಬಂದ.
ಬಲೆ ನೋಡಿದ. ನನ್ನ ಕೈಯ ಉಳಿ ನೋಡಿದ.
ಒಂದು ಮಗ್ಗನ್ನು ನನಗೆ ಎಟುಕುವಷ್ಟು ಹತ್ತಿರ ಇಟ್ಟು
ಒಂದು ಹೆಜ್ಜೆ ಹಿಂದೆ ಸರಿದ.
‘ನರಿ,’ ಅಂದೆ.
‘ದುಡ್ಡಿರಲಿಲ್ಲ ನೆಟ್ಟಾ,’ ಅಂದ.
‘ಆ ಸಲ ದೋಣಿ ಬಂದರು ಬಿಟ್ಟೇ ಇರಲಿಲ್ಲವಲ್ಲ.’
ಆಮೇಲೆ, ಚಹಾ ಆರುವಷ್ಟು ಹೊತ್ತು ಬಿಟ್ಟು:
‘ಚುಕ್ಕಿಯನ್ನ ಹುಡುಕಿದೆ. ಟಾರ್ಚ್ ಹಿಡಿದು.
ಎರಡು ರಾತ್ರಿ. ದೀಪಸ್ತಂಭದವರೆಗೂ.’

ಬೆಸುಗೆಯ ಮುಖವಾಡ ಎಳೆದುಕೊಂಡೆ.
ಅದರೊಳಗೆ ಕತ್ತಲು, ಮುಖ ಯಾವುದಾದರೂ ಆದೀತು.

ಕೊಳೆತದ್ದನ್ನೆಲ್ಲ ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿದೆ.
ಹೊಸ ತಗಡು ಕೂರಿಸಿ ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ,
ನಡುವೆ ತಣಿಯಲು ಬಿಟ್ಟು;
ಅವಸರ ಮಾಡಿದರೆ ತಗಡು ಮುನಿದು ಸೊಟ್ಟಗಾಗುತ್ತದೆ.
ಪಟ್ಟಿಯ ಅಡಿಯಲ್ಲಿ ಕಂಪನಿಯವರೇ ಬಿಟ್ಟಿದ್ದ ತೂತುಗಳನ್ನು
ವಾಟಿಯ ಗಾರೆ ಮುಚ್ಚಿಬಿಟ್ಟಿತ್ತು.
ನೀರು ಹೇಗಿದ್ದರೂ ಒಳಗೆ ಬರುತ್ತೆ ಚಿಕ್ಕಮ್ಮ,
ಹೋಗಲು ದಾರಿ ಬಿಡು, ಅಂದಿದ್ದಳು ಶೋನಾ.
ಮೂರು ತೂತು ಕೊರೆದೆ.
ಮೊದಲೂ ಮೂರೇ ಇದ್ದವು; ಕೋಳಿಯ ಲೆಕ್ಕವಲ್ಲ.

ಪ್ರೈಮರಿನ ಮೊದಲ ಕೈ ಒಣಗುತ್ತಿದೆ.
ಕೆಂಚು ಬಣ್ಣ, ಬಾಲದ್ದು.
ವಾಟಿ ದಿನಕ್ಕೆರಡು ಸಲ ಬಂದು ನೋಡುತ್ತಾನೆ,
ಬಣ್ಣದ ಬಗ್ಗೆ ಇನ್ನೂ ಏನೂ ಹೇಳಿಲ್ಲ.